ಹಳೆಯ ವಾಹನಗಳ ಕೂಲಂಟ್ ಪೈಪುಗಳು: ಒಡೆಯುವ ಮುನ್ನವೇ ಬದಲಾಯಿಸುವುದೇಕೆ?

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ಅಥವಾ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಹೊಂದಿರುವ ಪಂಚಾಯಿತಿಗಳಲ್ಲಿ ದುರಸ್ತಿಯ ವಿಷಯವು ಸಭೆಯ ಮುಂದೆ ಬರುವುದು ಸಾಮಾನ್ಯವಾಗಿ ವಾಹನ ನಿಂತ ಮೇಲೆಯೇ. ಟೈರು, ಬ್ಯಾಟರಿ, ಎಂಜಿನ್ ಆಯಿಲ್‌ಗಳ ಬಗ್ಗೆ ಎಲ್ಲರಿಗೂ ತಿಳಿವಳಿಕೆಯಿದೆ. ಎಂಜಿನ್ನನ್ನು ತಂಪಾಗಿರಿಸುವ ಕೂಲಂಟ್ ದ್ರವವನ್ನು ಸಾಗಿಸುವ ರಬ್ಬರ್ ಪೈಪುಗಳು, ಅವುಗಳ ಜಾಯಿಂಟ್ ಹಾಗೂ ಕ್ಲಿಪ್ಪುಗಳತ್ತ ಗಮನ ಹರಿಯುವುದು ಮಾತ್ರ ಅಪರೂಪ. ವಾಹನವು ಹಳತಾದಂತೆ ಈ ಬಿಡಿಭಾಗಗಳನ್ನು ಒಡೆಯುವವರೆಗೆ ಕಾಯದೆ ಬದಲಾಯಿಸುವುದು ಏಕೆ ಅಗತ್ಯವೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವ್ಯವಸ್ಥೆಯ ಕಾರ್ಯವಿಧಾನ

ಎಂಜಿನ್ನಿನಲ್ಲಿ ಉಂಟಾಗುವ ಶಾಖವನ್ನು ಕೂಲಂಟ್ ಹೀರಿಕೊಂಡು, ಮೇಲಿನ ಪೈಪಿನ ಮೂಲಕ ರೇಡಿಯೇಟರಿಗೆ ಸಾಗುತ್ತದೆ. ಅಲ್ಲಿ ತಣಿದು ಕೆಳಗಿನ ಪೈಪಿನ ಮೂಲಕ ಹಿಂತಿರುಗುತ್ತದೆ. ಸಾಮಾನ್ಯ ಒತ್ತಡದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳವು ಒಳಗೆ 1 ಬಾರ್‌ನಷ್ಟು ಹೆಚ್ಚುವರಿ ಒತ್ತಡವನ್ನು ಉಳಿಸಿಕೊಂಡರೆ ಅದೇ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕಾಗುತ್ತದೆ. ಎಂಜಿನ್ನಿನ ಸುರಕ್ಷತೆಯು ಈ ಒತ್ತಡವನ್ನೇ ಅವಲಂಬಿಸಿದೆ. ಒಂದು ಜಾಯಿಂಟ್ ಸೋರಿದರೂ ಒತ್ತಡ ಕುಸಿಯುತ್ತದೆ. ದ್ರವ ಬೇಗ ಕುದಿದು ಹೊರಹೋಗುತ್ತದೆ.

ಹಾಳಾಗುವ ಬಗೆ

ಎಂಜಿನ್ ಓಡುವಾಗ ಅಲುಗಾಡುತ್ತದೆ. ರೇಡಿಯೇಟರ್ ಚಾಸಿಯ ಮೇಲೆ ಸ್ಥಿರವಾಗಿರುತ್ತದೆ. ಇವೆರಡರ ನಡುವಿನ ಎಳೆತವೆಲ್ಲವೂ ಪೈಪಿನ ತುದಿಗಳ ಮೇಲೆ ಬೀಳುತ್ತದೆ. ಪ್ರತಿದಿನ ಕಾದು ತಣಿಯುವ ರಬ್ಬರ್ ಕ್ರಮೇಣ ಗಡಸಾಗುತ್ತದೆ. ಪ್ಲಾಸ್ಟಿಕ್ ಟಿ-ಜಾಯಿಂಟುಗಳು ಪೆಡಸಾಗಿ ಬಿರುಕು ಬಿಡುತ್ತವೆ. ಇದಲ್ಲದೆ, ಲೋಹ ಮತ್ತು ಕೂಲಂಟ್ ನಡುವಿನ ವಿದ್ಯುತ್-ರಾಸಾಯನಿಕ ಕ್ರಿಯೆಯಿಂದ ಪೈಪಿನ ಒಳಭಾಗದಲ್ಲಿ, ಅದರಲ್ಲಿಯೂ ತುದಿಗಳ ಸಮೀಪದಲ್ಲಿ, ಸೂಕ್ಷ್ಮ ಸೀಳುಗಳು ಮೂಡುತ್ತವೆ. ಆದ್ದರಿಂದ ಹೊರಗಿನಿಂದ ಚೆನ್ನಾಗಿಯೇ ಕಾಣುವ ಪೈಪು ಒಳಗೆ ಶಿಥಿಲವಾಗಿರಬಹುದು.

ನಮ್ಮ ಬಳಕೆಯ ರೀತಿಯೂ ಇದಕ್ಕೆ ಕಾರಣವಾಗುತ್ತದೆ. ಕಸದ ವಾಹನವು ಮನೆಮನೆಗೂ ನಿಂತು ಹೊರಡುವುದರಿಂದ ರೇಡಿಯೇಟರಿಗೆ ಎದುರುಗಾಳಿ ದೊರೆಯುವುದು ಕಡಿಮೆ. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿದರೆ ಅದರಲ್ಲಿನ ಲವಣಗಳು ರೇಡಿಯೇಟರಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ, ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ.

ಕಾಯುವುದರಿಂದ ಆಗುವ ನಷ್ಟ

ಪೈಪು ಒಡೆದಾಗ ನಷ್ಟ ಪೈಪಿಗಷ್ಟೇ ಸೀಮಿತವಾಗುವುದಿಲ್ಲ. ದ್ರವವಿಲ್ಲದೆ ಎಂಜಿನ್ ಓಡಿದರೆ ಸಿಲಿಂಡರ್ ಹೆಡ್ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಕೆಲವೇ ಗಂಟೆಗಳ ಕೆಲಸವಾಗಿದ್ದ ದುರಸ್ತಿಯು ಎಂಜಿನ್ ಬಿಚ್ಚುವ ಹಂತಕ್ಕೆ ಬರುತ್ತದೆ. ಅಷ್ಟು ದಿನವೂ ಓಣಿಗಳಲ್ಲಿ ಕಸ ಉಳಿಯುತ್ತದೆ. ಬೇಸಿಗೆಯಾದರೆ ಟ್ಯಾಂಕರನ್ನೇ ನೆಚ್ಚಿದ ಬಡಾವಣೆಗಳಿಗೆ ನೀರು ನಿಲ್ಲುತ್ತದೆ.

ಇನ್ನೊಂದು ಅಂಶವನ್ನು ಚಾಲಕರಿಗೆ ತಿಳಿಸುವುದು ಅವಶ್ಯ. ಉಷ್ಣಮಾಪಕದ ಸಂವೇದಕವು ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಉಷ್ಣತೆಯನ್ನು ತೋರಿಸುತ್ತದೆ. ದ್ರವವೆಲ್ಲ ಸೋರಿಹೋದಾಗ ಮುಳ್ಳು ಕೆಳಗಿಳಿಯಲೂಬಹುದು. ಆದುದರಿಂದ ಮುಳ್ಳು ಏರಿ ಥಟ್ಟನೆ ಇಳಿದರೆ ಎಂಜಿನ್ ತಣಿಯಿತೆಂದು ಭಾವಿಸದೆ ವಾಹನವನ್ನು ನಿಲ್ಲಿಸತಕ್ಕದ್ದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಚಿಮ್ಮುವ ದ್ರವ ಮುಖ, ಕೈಗಳನ್ನು ಸುಡುತ್ತದೆ.

ಪರಿಶೀಲನೆ ಮತ್ತು ಬದಲಾವಣೆ

ಎಂಜಿನ್ ಪೂರ್ತಿ ತಣಿದಿರುವಾಗ ಪೈಪನ್ನು ತುದಿಗಳ ಬಳಿ ಬೆರಳಿನಿಂದ ಅದುಮಿ ನೋಡಬೇಕು. ತೀರಾ ಮೆತ್ತಗಾಗಿರುವುದು, ಅದುಮಿದಾಗ ಚಟಚಟನೆ ಬಿರುಕಿನ ಸದ್ದು ಬರುವುದು, ಉಬ್ಬಿರುವುದು, ಆಯಿಲ್ ಹೀರಿರುವುದು, ಜಾಯಿಂಟಿನ ಸುತ್ತ ಒಣಗಿದ ಬಣ್ಣದ ಕಲೆ ಇರುವುದು - ಇವು ಬದಲಾಯಿಸಬೇಕೆಂಬ ಸೂಚನೆಗಳು. ಸೂಚನೆ ಕಾಣದಿದ್ದರೂ, ಕಂಪನಿಯ ಕೈಪಿಡಿಯಲ್ಲಿ ಬೇರೆ ಅವಧಿ ಇಲ್ಲದಿದ್ದಲ್ಲಿ, 4ರಿಂದ 5 ವರ್ಷಕ್ಕೊಮ್ಮೆ ರಬ್ಬರ್ ಪೈಪುಗಳನ್ನು ಬದಲಾಯಿಸುವುದು ವಾಡಿಕೆಯಲ್ಲಿರುವ ಕ್ರಮ.

ಬದಲಾಯಿಸುವಾಗ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ಎಲ್ಲ ಪೈಪು, ಪ್ಲಾಸ್ಟಿಕ್ ಜಾಯಿಂಟ್ ಮತ್ತು ಕ್ಲಿಪ್ಪುಗಳನ್ನು ಒಟ್ಟಿಗೆ ಬದಲಾಯಿಸುವುದು. ಅವೆಲ್ಲವೂ ಒಂದೇ ವಯಸ್ಸಿನವು. ಒಂದು ಒಡೆದರೆ ಉಳಿದವುಗಳ ಸರದಿಯೂ ದೂರವಿರುವುದಿಲ್ಲ.
2. ಹಳೆಯ ಪೈಪನ್ನು ಜಗ್ಗಿ ಎಳೆಯದೆ, ಉದ್ದಕ್ಕೆ ಸೀಳಿ ತೆಗೆಯುವುದು. ಜಗ್ಗಿದರೆ ರೇಡಿಯೇಟರಿನ ಮೂತಿ ಮುರಿಯಬಹುದು.
3. ಮೂತಿಯ ಮೇಲಿನ ತುಕ್ಕು, ಕೊಳೆಯನ್ನು ಉಜ್ಜಿ ತೆಗೆದು, ಹೊಸ ಕ್ಲಿಪ್ಪನ್ನು ಅಲ್ಲಿನ ಉಬ್ಬುಗೆರೆಯ ಹಿಂದೆ ಕೂರಿಸಿ ಹದವಾಗಿ ಬಿಗಿಯುವುದು.
4. ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನು ತುಂಬಿ, ಒಳಗಿನ ಗಾಳಿಯನ್ನು ಹೊರಹಾಕುವುದು. ಕೆಲವು ದಿನಗಳ ನಂತರ ಕ್ಲಿಪ್ಪುಗಳ ಬಿಗಿಯನ್ನು ಮತ್ತೊಮ್ಮೆ ನೋಡುವುದು.
5. ತೆಗೆದ ಕೂಲಂಟನ್ನು ಚರಂಡಿಗೆ ಬಿಡದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನೆಕ್ಕಿದ ದನಕರು, ನಾಯಿಗಳಿಗೆ ಮಾರಕ ವಿಷ.

ಸದಸ್ಯರ ಪಾತ್ರ

"ಕೆಡದೇ ಇದ್ದ ಪೈಪನ್ನು ಏಕೆ ಬದಲಾಯಿಸಿದಿರಿ?" ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದು ಸಹಜ, ಸಾರ್ವಜನಿಕ ಹಣದ ಬಗ್ಗೆ ಹಾಗೆ ಕೇಳುವುದು ಸದಸ್ಯರ ಹಕ್ಕು ಸಹ. ಈ ಪ್ರಶ್ನೆಗೆ ಉತ್ತರ ದಾಖಲೆಯಲ್ಲಿರಬೇಕು. ವಾಹನದ ವಹಿಯಲ್ಲಿ ಪೈಪುಗಳನ್ನು ಅಳವಡಿಸಿದ ದಿನಾಂಕ, ಓಡಿದ ಕಿಲೋಮೀಟರ್ ಹಾಗೂ ಪರಿಶೀಲನೆಯ ವಿವರ ನಮೂದಾಗಿದ್ದರೆ ಬದಲಾವಣೆಯ ಅಗತ್ಯ ಸ್ವಯಂ ಸ್ಪಷ್ಟವಾಗುತ್ತದೆ. ತೆಗೆದ ಹಳೆಯ ಭಾಗಗಳನ್ನು ಮುಂದಿನ ಸಭೆಯವರೆಗೆ ಇರಿಸಿ, ಪೈಪನ್ನು ಸೀಳಿ ಒಳಭಾಗವನ್ನು ಸದಸ್ಯರಿಗೆ ತೋರಿಸಬಹುದು.

ಆದ್ದರಿಂದ ಪ್ರತಿವರ್ಷ ಬೇಸಿಗೆಗೆ ಮೊದಲು ಪಂಚಾಯಿತಿ ವಾಹನಗಳ ಕೂಲಂಟ್ ವ್ಯವಸ್ಥೆಯನ್ನು ಪರಿಶೀಲಿಸಲು ಸಭೆಯಲ್ಲಿ ನಿರ್ಣಯ ಕೈಗೊಂಡು, ತಗಲುವ ವೆಚ್ಚವನ್ನು ವಾರ್ಷಿಕ ಆಯವ್ಯಯದ ನಿರ್ವಹಣಾ ಬಾಬ್ತಿನಲ್ಲಿ ಮುಂಚಿತವಾಗಿಯೇ ಸೇರಿಸಿಕೊಳ್ಳುವಂತೆ ಮಾನ್ಯ ಸದಸ್ಯರನ್ನು ಕೋರಲಾಗಿದೆ.

- ಪಂಚಾಯಿತಿ ಅಭಿವೃದ್ಧಿ ಅಧಿಕಾರಿ