ಮೈಸೂರು ಗೆದ್ದಾಗ ನಾವೂ ಮೈಸೂರೇ

ಆರ್ಸೆನಲ್, ಮ್ಯಾಂಚೆಸ್ಟರ್ ಜರ್ಸಿ ತೊಟ್ಟ ಹುಡುಗರು ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಈಗ ಅಪರೂಪವಲ್ಲ. ಆ ಕ್ಲಬ್ಬುಗಳ ವಂಶಾವಳಿಯೆಲ್ಲ ಅವರಿಗೆ ಬಾಯಿಪಾಠ. ನಮ್ಮ ನಾಡಿನ ಫುಟ್‌ಬಾಲಿನ ಮಾತೆತ್ತಿದರೆ ಮಾತ್ರ ಅಂತೆಕಂತೆಗಳೇ ಹೆಚ್ಚು. ಈ ವಿಷಯದಲ್ಲಿ ಅವರ ಅಪ್ಪಂದಿರೂ ಅವರಿಗಿಂತ ಮೇಲೇನಲ್ಲ.

ತಪ್ಪು ಕಲ್ಪನೆ: ಕನ್ನಡ ನಾಡಿನಲ್ಲಿ ಕ್ಲಬ್ ಫುಟ್‌ಬಾಲ್ ಶುರುವಾದದ್ದೇ ಬೆಂಗಳೂರು ಎಫ್‌ಸಿಯಿಂದ.

ವಾಸ್ತವ: ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಸಣ್ಣ ಸಾಧನೆಯಲ್ಲ. ಆದರೆ ಅದು ಹುಟ್ಟುವುದಕ್ಕೂ 76 ವರ್ಷ ಹಿಂದೆ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ಮುಂಬೈಗೆ ಹೋಗಿ ರೋವರ್ಸ್ ಕಪ್ ಎತ್ತಿಕೊಂಡು ಬಂದಿತ್ತು. 1891ರಲ್ಲಿ ಆರಂಭವಾದ ಆ ಕಪ್ಪು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ಪಡೆಗಳ ಒಂದು ಬ್ಯಾರಕ್ಕಿನಿಂದ ಇನ್ನೊಂದಕ್ಕೆ ಓಡಾಡಿಕೊಂಡಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇದು. ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 38ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದ ತಂಡ. ಬೆಂಗಳೂರಿನವರು 1-0 ಅಂತರದಲ್ಲಿ ಅದನ್ನು ಮಣಿಸಿದರು. ಮರುವರ್ಷ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸೇನಾ ತಂಡವನ್ನು 3-2ರಿಂದ ಸೋಲಿಸಿ ಕಪ್ ಉಳಿಸಿಕೊಂಡರು. 1948ರಲ್ಲಿ ಮತ್ತೆ ಗೆದ್ದರು, ಆಗ ಸೋತದ್ದು ಮೋಹನ್ ಬಗಾನ್. ಕಲ್ಕತ್ತೆಯವರು ಮೋಹನ್ ಬಗಾನ್‌ನ 1911ರ ಐಎಫ್‌ಎ ಶೀಲ್ಡ್ ಗೆಲುವನ್ನು ಇಂದಿಗೂ ಹಬ್ಬದಂತೆ ನೆನೆಯುತ್ತಾರೆ. ನಾವು 1937ನ್ನು ಮರೆತು ಕುಳಿತಿದ್ದೇವೆ.

ತಪ್ಪು ಕಲ್ಪನೆ: ಸಂತೋಷ್ ಟ್ರೋಫಿಯ ಪಟ್ಟಿಯಲ್ಲಿರುವ 'ಮೈಸೂರು' ಎಂದರೆ ಮೈಸೂರು ನಗರದ ತಂಡ.

ವಾಸ್ತವ: ಅಲ್ಲ, ಅದು ಮೈಸೂರು ರಾಜ್ಯ. 1946-47, 1952-53, 1967-68 ಮತ್ತು 1968-69ರಲ್ಲಿ ಮೈಸೂರು ಈ ರಾಷ್ಟ್ರೀಯ ಟ್ರೋಫಿ ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ನಮ್ಮ ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಆ ನಾಲ್ಕೂ ಗೆಲುವಿನ ಹೊತ್ತಿಗೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ರಾಜ್ಯಕ್ಕಷ್ಟೇ ಅಲ್ಲ, ಮೈಸೂರು ಜಿಲ್ಲೆಗೂ ಸೇರಿದ್ದವು. ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರಿನವರು, ಅದು ಬೇರೆ ಮಾತು. ಐದನೆಯ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ!

ತಪ್ಪು ಕಲ್ಪನೆ: 1948ರ ಒಲಿಂಪಿಕ್ಸ್‌ನಲ್ಲಿ ಬೂಟಿಲ್ಲದೆ ಆಡಿದ್ದಕ್ಕೇ ನಮ್ಮವರು ಸೋತರು, ಬೂಟಿಲ್ಲದ್ದಕ್ಕೇ 1950ರ ವಿಶ್ವಕಪ್ಪಿನಿಂದ ಹೊರಗಿಟ್ಟರು.

ವಾಸ್ತವ: ಎರಡು ಸುಳ್ಳುಗಳು ಒಟ್ಟಿಗೆ ಬೆಳೆದಿವೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಇಲ್ಫರ್ಡ್‌ನಲ್ಲಿ ಆಡಿತು. ತಂಡದಲ್ಲಿ ನಮ್ಮ ರಾಜ್ಯದ ಗೋಲ್‌ಕೀಪರ್ ವರದರಾಜ್, ಅಹ್ಮದ್ ಖಾನ್, ಧನರಾಜ್, ರಾಮನ್ ಇದ್ದರು. ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದು ನಿಜ. ಆದರೆ ಸೋಲಿಗೆ ಕಾರಣ ಹುಡುಕುವವರು ಕಾಲು ಬಿಟ್ಟು ಪೆನಾಲ್ಟಿ ಕಡೆ ನೋಡಬೇಕು: ಸಿಕ್ಕ ಎರಡೂ ಪೆನಾಲ್ಟಿ ವ್ಯರ್ಥವಾದವು. ಸಾರಂಗಪಾಣಿ ರಾಮನ್ 70ನೇ ನಿಮಿಷದಲ್ಲಿ ಹೊಡೆದ ಸಮಬಲದ ಗೋಲು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಫ್ರಾನ್ಸ್ ಗೆದ್ದದ್ದು ಪಂದ್ಯ ಇನ್ನೇನು ಮುಗಿಯಿತು ಎನ್ನುವಾಗ, 2-1ರಿಂದ.

ವಿಶ್ವಕಪ್ಪಿನ ಕಥೆಯಂತೂ ಸೋಗಿನ ಸಮಜಾಯಿಷಿ. ನಮ್ಮನ್ನು ಯಾರೂ ಹೊರಗಿಡಲಿಲ್ಲ. ಏಷ್ಯಾದ ಉಳಿದ ದೇಶಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಸ್ಥಾನ ತಾನಾಗಿ ದಕ್ಕಿತ್ತು, ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಹೆಸರೂ ಬಂದಿತ್ತು. ಹೋಗುವುದಿಲ್ಲವೆಂದದ್ದು ನಮ್ಮ ಫೆಡರೇಷನ್ನೇ. ಆಗ ಅವರ ಕಣ್ಣಿಗೆ ಒಲಿಂಪಿಕ್ಸ್ ದೊಡ್ಡದು, ವಿಶ್ವಕಪ್ ಚಿಕ್ಕದು. ಬೂಟಿನ ನೆಪ ಆಮೇಲೆ ಗಟ್ಟಿಯಾಯಿತು. ಆಡಳಿತದವರ ತಪ್ಪನ್ನು ಆಟಗಾರರ ಪಾದಕ್ಕೆ ಹೊರಿಸುವುದು ಸುಲಭವಲ್ಲವೇ!

ತಪ್ಪು ಕಲ್ಪನೆ: ಇಂಗ್ಲೆಂಡಿನ ಕ್ಲಬ್ ಎಂದಮೇಲೆ ದುಡ್ಡಿಗೇನು ಬರ.

ವಾಸ್ತವ: ಭಾರತದ ಆಟಗಾರ ಬೈಚುಂಗ್ ಭುಟಿಯಾ 1999ರಲ್ಲಿ ಸೇರಿದ್ದು ಮೂರನೇ ದರ್ಜೆಯಲ್ಲಿದ್ದ ಬರಿ ಎಂಬ ಕ್ಲಬ್ಬನ್ನು. 1885ರಲ್ಲಿ ಹುಟ್ಟಿ, 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದ ಹಳೆಯ ಮನೆತನ. ಹಣಕಾಸು ನೆಟ್ಟಗಿಲ್ಲವೆಂದು 2019ರಲ್ಲಿ ಲೀಗಿನಿಂದಲೇ ಅದನ್ನು ಹೊರಹಾಕಿದರು.

ತಪ್ಪು ಕಲ್ಪನೆ: ಗಡಿಯಾಚೆ ಕೇರಳದ ವಯನಾಡಿನಲ್ಲಿ ರಾತ್ರಿ ದೀಪದಡಿ ನಡೆಯುವ ಸೆವೆನ್ಸ್, ಇದೇ ಫುಟ್‌ಬಾಲಿನ ಕೆಳಗಿನ ಮೆಟ್ಟಿಲು.

ವಾಸ್ತವ: ಸೆವೆನ್ಸ್‌ನಲ್ಲಿ ತಂಡಕ್ಕೆ ಏಳೇ ಜನ, ಮೈದಾನವೂ ಚಿಕ್ಕದು. ರಾಷ್ಟ್ರೀಯ ಫೆಡರೇಷನ್ನಿನ ಲೀಗುಗಳ ಏಣಿಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟು ಸೆವೆನ್ಸ್ ಗೆದ್ದರೂ ಮೇಲಿನ ದರ್ಜೆಗೆ ಬಡ್ತಿ ಸಿಗುವುದಿಲ್ಲ. ಮಜಾ ಕಡಿಮೆಯೆಂದು ಇದರರ್ಥವಲ್ಲ. ನನ್ನ ಮಟ್ಟಿಗೆ ಟಿವಿಯಲ್ಲಿ ನೋಡುವ ಎಷ್ಟೋ ಲೀಗ್ ಪಂದ್ಯಗಳಿಗಿಂತ ಇದೇ ವಾಸಿ. ಗುಂಡ್ಲುಪೇಟೆಯವರ ತೊಡಕು ಬೇರೆ: ಬಂಡೀಪುರದ ಕಾಡಿನ ನಡುವೆ ಹಾದು ವಯನಾಡಿನ ಬತ್ತೇರಿಗೆ ಹೋಗುವ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಸ್ವಂತ ಗಾಡಿಯಲ್ಲಿ ಪಂದ್ಯಕ್ಕೆ ಹೋದವರು ಒಂದೋ ಮಧ್ಯದಲ್ಲೇ ಎದ್ದು ಬರಬೇಕು, ಇಲ್ಲವೇ ಬೆಳಗಾಗುವವರೆಗೆ ಅಲ್ಲೇ ಉಳಿಯಬೇಕು.