ಗರ್ಭಸ್ಥ ಶಿಶುವಿನ ದರ್ಶನವೂ ತಾಯಿಯ ಸಮ್ಮತಿಯೂ

"ಹೆಣ್ಣಾಗಲಿ ಗಂಡಾಗಲಿ, ಕೈಕಾಲು ನೆಟ್ಟಗಿದ್ದರೆ ಸಾಕು" ಎಂಬುದು ಬಸುರಿಯನ್ನು ಹರಸುವ ನಮ್ಮ ಹಿರಿಯ ಹೆಂಗಸರ ಮಾತು. ಈ ಒಂದೇ ಮಾತಿನಲ್ಲಿ ಒಂದು ಭಯವೂ ಒಂದು ವಿವೇಕವೂ ಅಡಗಿವೆ. ಹುಟ್ಟುವ ಕೂಸಿಗೆ ಏನಾದರೂ ಊನವಿದ್ದೀತೋ ಎಂಬುದು ಭಯ; ಹೆಣ್ಣುಗಂಡೆಂಬ ಭೇದವನ್ನು ಎಣಿಸಬಾರದೆಂಬುದು ವಿವೇಕ. ಭಯಕ್ಕೆ ಸಮಾಧಾನವನ್ನು ಹುಡುಕಹೊರಟ ವೈದ್ಯಶಾಸ್ತ್ರವು ಗರ್ಭದೊಳಕ್ಕೇ ದೃಷ್ಟಿಯನ್ನು ಹಾಯಿಸಿತು. ವಿವೇಕವನ್ನು ಕಾಪಾಡುವುದಕ್ಕೆ ಮಾತ್ರ ಶಾಸನವೇ ಬೇಕಾಯಿತು. ಈ ಎರಡೂ ಸಂಧಿಸುವ ಸ್ಥಳದಲ್ಲಿ ಫೀಟೋಸ್ಕೋಪಿ ಎಂಬ ಪರೀಕ್ಷೆಯು ನಿಂತಿರುವುದರಿಂದ, ಅದರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ತಾಯಿಯ ಹೊಟ್ಟೆಯ ಮೇಲೆ ಕಿರಿದಾದ ಗಾಯವನ್ನು ಮಾಡಿ, ಗರ್ಭಕೋಶದ ಗೋಡೆಯನ್ನು ದಾಟಿಸಿ, ಸಪುರವಾದ ನಳಿಗೆಯೊಂದನ್ನು ಗರ್ಭಜಲದೊಳಕ್ಕೆ ಸೇರಿಸಿ, ಬೆಳಕು ಹರಿಸಿ ಕೂಸನ್ನು ಕಣ್ಣಾರೆ ನೋಡುವುದೇ ಈ ಪರೀಕ್ಷೆ. 1954ರಲ್ಲಿ ಸ್ವೀಡನ್ನಿನ ವೆಸ್ಟಿನ್ ಎಂಬ ವೈದ್ಯರು ಗರ್ಭಕೋಶದ ಕೊರಳಿನ ಮಾರ್ಗವಾಗಿ ಇಂಥ ದರ್ಶನವನ್ನು ಪಡೆದಿದ್ದರು. 1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹಾಬಿನ್ಸ್ ಮತ್ತು ಮಹೋನಿ ಎಂಬವರೂ, ಲಂಡನ್ನಿನಲ್ಲಿ ರೋಡೆಕ್ ಎಂಬವರೂ ಇದನ್ನು ರೋಗನಿರ್ಣಯದ ಸಾಧನವನ್ನಾಗಿ ಮಾಡಿದರು. ಬಸುರಿನ ಐದನೆಯ ತಿಂಗಳ ಸುಮಾರಿಗೆ ಕೂಸಿನ ಬೆರಳು, ತುಟಿಗಳನ್ನು ನೋಡುವುದಲ್ಲದೆ, ಮಾಸಿನ ಅಥವಾ ಹೊಕ್ಕುಳಬಳ್ಳಿಯ ನಾಳದಿಂದ ತುಸು ರಕ್ತವನ್ನೂ ತೆಗೆಯುವುದು ಸಾಧ್ಯವಾಯಿತು. ಥಲಸ್ಸೀಮಿಯ, ಹೀಮೋಫಿಲಿಯ ಮೊದಲಾದ ರಕ್ತದೋಷಗಳನ್ನು ಪ್ರಸವಕ್ಕೆ ಮುಂಚೆಯೇ ಅರಿಯಲು ಆಗ ಅದೇ ಹೆದ್ದಾರಿಯಾಗಿತ್ತು.

ಆದರೆ ಈ ಅರಿವಿಗೆ ತೆರಬೇಕಾದ ಬೆಲೆಯು ಅಲ್ಪವಾಗಿರಲಿಲ್ಲ. ನುರಿತವರ ಕೈಯಲ್ಲಿಯೂ ನೂರರಲ್ಲಿ ಮೂರರಿಂದ ಐದು ಬಸುರುಗಳು ನಷ್ಟವಾಗುತ್ತಿದ್ದುವು. ತಾಯಿತಂದೆಗಳಿಬ್ಬರೂ ಥಲಸ್ಸೀಮಿಯದ ವಾಹಕರಾಗಿದ್ದರೆ ಪ್ರತಿಯೊಂದು ಬಸುರಿನಲ್ಲಿಯೂ ಕೂಸಿಗೆ ಆ ರೋಗವು ತಗಲುವ ಸಂಭವವು ನಾಲ್ಕರಲ್ಲೊಂದು ಪಾಲು; ಮಿಕ್ಕ ಮೂರು ಪಾಲು ಕ್ಷೇಮವೇ. ಹೀಗಿರಲಾಗಿ, ನೋಡುವುದರಿಂದಲೇ ಕಳೆದುಹೋದ ಕೂಸು ನಿರೋಗಿಯಾದ ಕೂಸೇ ಆಗಿರಬಹುದಷ್ಟೆ! ಯಾವ ಭಯವು ದೊಡ್ಡದು, ಅರಿಯದೆ ಕಾಯುವ ಭಯವೋ ಅರಿಯಹೋಗಿ ಕಳೆದುಕೊಳ್ಳುವ ಭಯವೋ, ಎಂಬುದನ್ನು ಯಾವ ಯಂತ್ರವೂ ಹೇಳಲಾರದು.

1983ರಲ್ಲಿ ಪ್ಯಾರಿಸಿನ ದಾಫೋಸ್ ಎಂಬ ವೈದ್ಯರು ಅಲ್ಟ್ರಾಸೌಂಡಿನ ಚಿತ್ರವನ್ನು ನೋಡುತ್ತ ಬರಿಯ ಸೂಜಿಯಿಂದಲೇ ಹೊಕ್ಕುಳಬಳ್ಳಿಯ ರಕ್ತವನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮಾಸಿನ ಕಿಂಚಿತ್ ಅಂಶದಿಂದ ಮೂರನೆಯ ತಿಂಗಳಲ್ಲಿಯೇ ವಂಶದೋಷಗಳನ್ನು ಕಂಡುಹಿಡಿಯುವ ವಿಧಾನವೂ ಬಂದಿತು. ನಳಿಗೆಯ ಪರೀಕ್ಷೆಯು ಬಹುಮಟ್ಟಿಗೆ ಹಿಂದೆ ಸರಿಯಿತು. ಆದಾಗ್ಯೂ ಆ ನಳಿಗೆಯು ವ್ಯರ್ಥವಾಗಲಿಲ್ಲ. ನೋಡುವ ಕಣ್ಣಾಗಿದ್ದುದು ಗುಣಪಡಿಸುವ ಕೈಯಾಯಿತು. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಒಂದರ ರಕ್ತವು ಇನ್ನೊಂದಕ್ಕೆ ಹರಿದು ಎರಡಕ್ಕೂ ಅಪಾಯವಾಗುವುದುಂಟು. ಅಂಥ ನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚುವ ಚಿಕಿತ್ಸೆಯನ್ನು ಅಮೆರಿಕದ ಡಿ ಲಿಯಾ ಎಂಬವರು ಆರಂಭಿಸಿ 1990ರಲ್ಲಿ ಪ್ರಕಟಿಸಿದರು. ಅದರ ಮೇಲ್ಮೆಯು 2004ರ ಯುರೋಪಿನ ಪ್ರಯೋಗದಲ್ಲಿ ಸ್ಥಿರಪಟ್ಟಿತು. ವಪೆಯು ಸರಿಯಾಗಿ ಕೂಡದೆ ಶ್ವಾಸಕೋಶವು ತೀರ ಕುಗ್ಗಿದ ಕೂಸುಗಳಲ್ಲಿ, ಇದೇ ನಳಿಗೆಯಿಂದ ಉಸಿರುನಾಳದಲ್ಲಿ ಪುಟ್ಟ ಬಲೂನನ್ನಿಡುವ ಚಿಕಿತ್ಸೆಯಿಂದ ಬದುಕುಳಿದವು ನೂರಕ್ಕೆ 40, ಅದಿಲ್ಲದೆ 15, ಎಂದು 2021ರಲ್ಲಿ ಪ್ರಕಟವಾಯಿತು.

ಇನ್ನು ನಮ್ಮ ದೇಶದ ಮಾತು. 1994ರಲ್ಲಿ ವಿಧಿತವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದ ಪ್ರಸವಪೂರ್ವ ರೋಗನಿರ್ಣಯ ಶಾಸನವು ಫೀಟೋಸ್ಕೋಪಿಯನ್ನು ಹೆಸರೆತ್ತಿಯೇ ಹೇಳುತ್ತದೆ. ಏಕೆಂದರೆ, ಊನವನ್ನು ಕಾಣುವ ಕಣ್ಣು ಹೆಣ್ಣುಗಂಡೆಂಬುದನ್ನೂ ಕಾಣುತ್ತದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರಲ್ಲಿ 927ಕ್ಕೆ ಇಳಿದರು. ನಮ್ಮ ಕರ್ನಾಟಕದಲ್ಲಿಯೂ 960 ಇದ್ದುದು 946 ಆಯಿತು. ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಕೂಡದೆಂಬ ನಿಷೇಧವನ್ನು ಸ್ಕ್ಯಾನಿಂಗ್ ಕೇಂದ್ರಗಳ ಫಲಕಗಳಲ್ಲಿ ವಾಚಕರು ಓದಿಯೇ ಇರುತ್ತಾರೆ.

ಫಲಕದಲ್ಲಿ ಕಾಣದ ಇನ್ನೊಂದು ಮಾತು ಅದೇ 5ನೆಯ ಕಲಮಿನಲ್ಲಿದೆ. ಪರೀಕ್ಷೆಗೆ ಮುಂಚೆ ಅದರಿಂದ ಆಗಬಹುದಾದುದೆಲ್ಲವನ್ನೂ ಬಸುರಿಗೆ ವಿವರಿಸತಕ್ಕದ್ದು. ಅವಳಿಗೆ ತಿಳಿಯುವ ಭಾಷೆಯಲ್ಲಿ ಅವಳ ಲಿಖಿತ ಸಮ್ಮತಿಯನ್ನು ಪಡೆಯತಕ್ಕದ್ದು. ಅದರ ಪ್ರತಿಯನ್ನು ಅವಳಿಗೇ ಕೊಡತಕ್ಕದ್ದು. ಗಂಡನ ಸಮ್ಮತಿಯೆಂದಾಗಲಿ ಅತ್ತೆಯ ಸಮ್ಮತಿಯೆಂದಾಗಲಿ ಅಲ್ಲಿ ಬರೆದಿಲ್ಲ. ನಳಿಗೆಯು ಹೋಗಿ ಸೂಜಿಯು ಬಂದರೂ ಈ ನಿಯಮವು ತಪ್ಪಿದ್ದಲ್ಲ.

"ಓದುಬರಹವಿಲ್ಲದವಳಿಗೆ ಇದೆಲ್ಲ ಹೇಗೆ ತಿಳಿದೀತು?" ಎಂದು ಕೇಳುವ ಮಹನೀಯರುಂಟು. ವಾರದ ಹಾಲಿನ ಲೆಕ್ಕವನ್ನು ಬಾಯಲ್ಲಿಯೇ ಒಪ್ಪಿಸುವ ಹೆಂಗಸಿಗೆ, ನಾಲ್ಕರಲ್ಲೊಂದು, ನೂರರಲ್ಲೈದು ಎಂಬ ಮಾತು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಉರ್ದುವಿನಲ್ಲಿಯೋ ಹೇಳಿದರೆ ತಿಳಿಯದೆ? ತಿಳಿಯದಿರುವುದು, ಇಂಗ್ಲಿಷ್ ಕಾಗದವನ್ನು ಮಡಿಸಿ ಹಿಡಿದು "ಇಲ್ಲಿ ರುಜು ಹಾಕಮ್ಮ" ಎಂದಾಗ. ಅಂಥ ರುಜುವು ಸಮ್ಮತಿಯಲ್ಲ, ಬರಿಯ ಗೀಟು.

ಆದುದರಿಂದ ತಪಾಸಣೆಗೆ ಹೋಗುವ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಯಂತ್ರದ ಪರವಾನಗಿಯನ್ನೂ ಗೋಡೆಯ ಫಲಕವನ್ನೂ ನೋಡಿದ ಮೇಲೆ ಸಮ್ಮತಿಪತ್ರದ ಕಡತವನ್ನೂ ಬಿಚ್ಚಿಸಿ, ಅದು ಯಾವ ಭಾಷೆಯಲ್ಲಿದೆ ಎಂದು ನೋಡಬೇಕು. ಗೃಹಸ್ಥರಾದ ವಾಚಕರಲ್ಲಿ ಇನ್ನೊಂದು: ಮನೆಯ ಹೆಣ್ಣುಮಗಳ ಜತೆಯಲ್ಲಿ ಆಸ್ಪತ್ರೆಗೆ ಹೋದಾಗ, ವೈದ್ಯರ ಪ್ರಶ್ನೆಗೆ ತಾವು ಉತ್ತರ ಕೊಡದೆ, ಅವಳು ಉತ್ತರ ಕೊಡುವವರೆಗೆ ಕಾಯಬೇಕು.