ಸಾವಿರ ರೂಪಾಯಿ ಬಂತು, ಬಸ್ಸು?

ನೀಲಗಿರಿಯ ಕುಂದಾ ಬಡಗರ ನಾಲ್ಕು ಸೀಮೆಗಳಲ್ಲಿ ಒಂದು. ಅವರ ಮಾತು ಕಿವಿಗೆ ಬಿದ್ದರೆ ನಮ್ಮ ಕನ್ನಡವೇ ಬೆಟ್ಟ ಹತ್ತಿ ಕೂತಂತೆ ಅನ್ನಿಸುತ್ತದೆ. ಈ ಸಲ ಅಲ್ಲಿನ ಹಟ್ಟಿಗಳಲ್ಲಿ ನಾನು ವಿಚಾರಿಸಿದ್ದು ಚಹಾ ಎಲೆಯ ದರವನ್ನಲ್ಲ, ಕಾಲೇಜಿಗೆ ಹೋಗುವ ಮಕ್ಕಳ ಸಂಗತಿಯನ್ನು.

ಪದವಿ ಅಂದರೆ ಹೆಚ್ಚಿನವರಿಗೆ ಉದಕಮಂಡಲವೇ. ಅಲ್ಲಿನ ಸರ್ಕಾರಿ ಕಲಾ ಕಾಲೇಜು ಶುರುವಾದದ್ದು 1955ರಲ್ಲಿ, ಜಾನ್ ಸಲಿವನ್ ಕಟ್ಟಿಸಿದ ಸ್ಟೋನ್ ಹೌಸ್ ಇರುವ ಗುಡ್ಡದಲ್ಲಿ. ಮಂಜೂರಿನಿಂದ ಸುಮಾರು 30 ಕಿ.ಮೀ., ಬರೀ ತಿರುವು.

ತಮಿಳುನಾಡು ಸರ್ಕಾರವೇನೂ ಕೈಕಟ್ಟಿ ಕೂತಿಲ್ಲ. ಬಡ ಹೆಣ್ಣುಮಕ್ಕಳ ಮದುವೆಗೆ ಹಣ, ಚಿನ್ನ ಕೊಡುತ್ತಿದ್ದ ಹಳೆಯ ಯೋಜನೆಯನ್ನು 2022ರಲ್ಲಿ ಓದಿನ ಕಡೆಗೆ ತಿರುಗಿಸಿ 'ಪುದುಮೈ ಪೆಣ್' ಎಂದು ಹೆಸರಿಟ್ಟಿತು. ಇದು ಸಣ್ಣ ಮಾತಲ್ಲ. 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1,000 ರೂಪಾಯಿ. ಆಮೇಲೆ ಅನುದಾನಿತ ಶಾಲೆಗಳ ತಮಿಳು ಮಾಧ್ಯಮದವರೂ ಸೇರಿದರು. 2024ರಲ್ಲಿ ಹುಡುಗರಿಗೂ 'ತಮಿಳ್ ಪುದಲ್ವನ್' ಬಂತು. ಸಾಲ ಮಾಡಿ ಖಾಸಗಿ ಇಂಗ್ಲಿಷ್ ಶಾಲೆಗೆ ಮಗಳನ್ನು ಕಳಿಸಿದ ಸಣ್ಣ ಬೆಳೆಗಾರ ಮಾತ್ರ ಹೊರಗೇ ಉಳಿದ.

ಸರಿ, ಯೋಜನೆ ಫಲ ಕೊಟ್ಟಿತೋ ಇಲ್ಲವೋ ಅಂತ ಅಳೆಯುವುದು ಹೇಗೆ? ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ತಮಿಳುನಾಡಿನ ದಾಖಲಾತಿ ಪ್ರಮಾಣ ಶೇ. 47, ಇಡೀ ದೇಶದ್ದು ಶೇ. 28.4. ಇದು ಸಾವಿರ ರೂಪಾಯಿ ಕೈಸೇರುವ ಮೊದಲಿನ ಸಂಖ್ಯೆ. ಹಾಗಾಗಿ ಇನ್ನು ಏರಿದ್ದೆಲ್ಲ ಅದರದೇ ಫಲ ಅನ್ನೋ ಹಾಗಿಲ್ಲ. ಅದರಲ್ಲೂ ಇದು ಸೇರಿದವರ ಲೆಕ್ಕ; ನಡುವೆ ಬಿಟ್ಟವರದ್ದಲ್ಲ. ಚೆನ್ನೈ, ಕುಂದಾ ಎರಡೂ ಒಂದೇ ರಾಶಿಯಲ್ಲಿ!

ಕಾಲೇಜುಗಳನ್ನು ತೂಗಲು 1994ರಿಂದ ಬೆಂಗಳೂರಿನ ನ್ಯಾಕ್ ಇದೆ. ಪಾಠ, ಗ್ರಂಥಾಲಯ, ವಿದ್ಯಾರ್ಥಿಗಳ ಪ್ರಗತಿ ಎಲ್ಲವನ್ನೂ ನೋಡುತ್ತದೆ. ಗೇಟಿನಾಚೆಯ ರಸ್ತೆ ಅದರ ಕೆಲಸವಲ್ಲ, ಒಪ್ಪೋಣ. ಆದರೆ ಕುಂದಾದ ಮಕ್ಕಳಿಗೆ ಆ ರಸ್ತೆಯೇ ಅರ್ಧ ಕಾಲೇಜು. 2019ರ ಆಗಸ್ಟಿನಲ್ಲಿ ಇಲ್ಲೇ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಮೀರಿ ಮಳೆ ಸುರಿಯಿತು. ಗುಡ್ಡ ಜರಿದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಹಾಜರಿಯಿಲ್ಲ. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಬೇಕು ಅನ್ನುತ್ತದೆ ನಿಯಮ.

2022ರಲ್ಲಿ ಸೇರಿದವರ ಮೂರು ವರ್ಷ 2025ಕ್ಕೆ ಮುಗಿದಿದೆ. ಹಣ ಖಾತೆಗೇ ಹೋಗುವುದರಿಂದ ತಿಂಗಳ ಪಟ್ಟಿ ಸರ್ಕಾರದ ಬಳಿಯೇ ಇರುತ್ತದೆ. ಓದು ಬಿಟ್ಟ ಹುಡುಗಿಯ ಹಣ ಯಾವ ತಿಂಗಳು ನಿಂತಿತು, ಅವಳು ಯಾವ ಹಟ್ಟಿಯವಳು ಅಂತ ತಾಲ್ಲೂಕುವಾರು ತೆಗೆದು ನೋಡಲಿ. ಮಳೆಗಾಲದಲ್ಲೇ ಹೆಚ್ಚು ನಿಂತಿದ್ದರೆ, ಆ ಕಡತ ಸಾರಿಗೆ ಇಲಾಖೆಯ ಮೇಜಿಗೂ ಹೋಗಲಿ.